ಓದು ಮುಗಿದು 17 ತಿಂಗಳು, ಇನ್ನೂ ಕೆಲಸವಿಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ

ಕೇಳಿದವರು

ನನಗೆ 24 ವರ್ಷ. ಪದವಿ ಮುಗಿದು 17 ತಿಂಗಳಾಯಿತು. ಈವರೆಗೆ 140 ಅರ್ಜಿ ಹಾಕಿದ್ದೇನೆ. 6 ಕಡೆ ಇಂಟರ್‌ವ್ಯೂಗೆ ಕರೆದರು, 2 ಕಡೆ ಕೊನೆಯ ಸುತ್ತಿನ ತನಕ ಹೋಗಿ ಕೈತಪ್ಪಿತು. ಉಳಿದವರು "ಇಲ್ಲ" ಅಂತ ಹೇಳುವ ತೊಂದರೆಯನ್ನೂ ತೆಗೆದುಕೊಂಡಿಲ್ಲ. ಮೊಬೈಲ್ ರೀಚಾರ್ಜಿಗೂ ಅಪ್ಪನ ಮುಂದೆ ನಿಲ್ಲಬೇಕು. ಅವರು ಬೈಯುವುದಿಲ್ಲ. ರಾತ್ರಿ ಮನೆಗೆ ಬಂದು ಚಪ್ಪಲಿ ಬಿಡುತ್ತಾ "ಏನಾಯ್ತು?" ಅಂತ ಕೇಳುತ್ತಾರೆ, ನಾನು "ನೋಡ್ತಾ ಇದ್ದೀನಿ" ಅನ್ನುತ್ತೇನೆ. ಅಷ್ಟೇ ಮಾತು. ಎಷ್ಟು ಅರ್ಜಿ, ಎಷ್ಟು ಸೋಲು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಜೊತೆಗೆ ಓದಿದವರ ಫೋನ್ ಎತ್ತುವುದನ್ನೂ ಬಿಟ್ಟಿದ್ದೇನೆ. ಕೆಲಸ ಹುಡುಕುವುದು ಹೇಗೆ ಅನ್ನುವುದಕ್ಕಿಂತ ಈ ದಿನಗಳನ್ನು ನೀವು ಹೇಗೆ ಕಳೆದಿರಿ, ದುಡ್ಡಿನ ವಿಷಯ ಹೇಗೆ ನಿಭಾಯಿಸಿದಿರಿ ಅಂತ ತಿಳಿಯಬೇಕಿದೆ.

ಉತ್ತರ 1

ನಾನು 14 ತಿಂಗಳು ಹೀಗೇ ಇದ್ದವನು. ಈಗ 33 ವರ್ಷ, ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನೀವು ಬರೆದದ್ದರಲ್ಲಿ ಆ ಚಪ್ಪಲಿ ಬಿಡುವ ಸದ್ದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಅದು ಗೇಟಿನ ಸದ್ದು. ಗೇಟು ಕಿರ್ರೆಂದ ಕೂಡಲೇ ನಾನು ಕೋಣೆಯ ದೀಪ ಆರಿಸಿ ಮಲಗಿದವನಂತೆ ಇರುತ್ತಿದ್ದೆ.

ಮೊದಲು ಹಾಳಾದದ್ದು ನನ್ನ ಹೊತ್ತು. ಬೆಳಿಗ್ಗೆ 6ಕ್ಕೆ ಏಳುತ್ತಿದ್ದವನು 8ಕ್ಕೆ, ಆಮೇಲೆ 10ಕ್ಕೆ ಏಳತೊಡಗಿದೆ. ದಿನವೆಲ್ಲ ಬಿಡುವು, ಆದರೂ ಒಂದು ಪುಟ ಓದಲಾಗುತ್ತಿರಲಿಲ್ಲ. ನನಗೆ ಸೋಮಾರಿತನ ಬಂದಿದೆ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬಹಳ ವರ್ಷಗಳಾದ ಮೇಲೆ ಮಾರಿಯೆಂಟಾಲ್ ಎಂಬ ಊರಿನ ಬಗ್ಗೆ ತಿಳಿಯಿತು. ಆಸ್ಟ್ರಿಯಾದಲ್ಲಿ ವಿಯೆನ್ನಾ ಸಮೀಪದ ಆ ಊರು ಒಂದೇ ಒಂದು ಗಿರಣಿಯನ್ನು ನಂಬಿಕೊಂಡಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಸಾಮಾಜಿಕ ಮನೋವಿಜ್ಞಾನಿ ಮಾರೀ ಯಹೋಡಾ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ಕೆಲಸ ಕಳೆದುಕೊಂಡವರ ಬದುಕನ್ನು ಹತ್ತಿರದಿಂದ ನೋಡಿ 1933ರಲ್ಲಿ ಅದನ್ನು ಪ್ರಕಟಿಸಿದರು. ಕೈತುಂಬ ಬಿಡುವು ಸಿಕ್ಕ ಮೇಲೆ ಜನ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಕಡಿಮೆಯಾಗಿದ್ದವು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು. ಬೆಳಗಿನಿಂದ ಏನು ಮಾಡಿದಿರಿ ಅಂದರೆ ಅವರಿಗೆ ಹೇಳಲು ಏನೂ ತೋಚುತ್ತಿರಲಿಲ್ಲ. ಅದನ್ನು ಓದುತ್ತಾ ನನ್ನ ಕಣ್ಣು ತುಂಬಿತು. ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ, ದಿನಕ್ಕೊಂದು ಚೌಕಟ್ಟನ್ನೂ ಕೊಡುತ್ತದೆ. ಅದು ಕಳಚಿಬಿದ್ದರೆ ಎಂಥವರ ದಿನವೂ ಸೋರಿಹೋಗುತ್ತದೆ.

ಹಾಗಾಗಿ ಚೌಕಟ್ಟನ್ನು ನೀವೇ ಕಟ್ಟಬೇಕು. ನಾನು ಬೆಳಿಗ್ಗೆ 9ರಿಂದ 1ರವರೆಗೆ ಗ್ರಂಥಾಲಯದ ಒಂದೇ ಮೇಜಿನಲ್ಲಿ ಕೂತು ಅರ್ಜಿ ಬರೆಯುತ್ತಿದ್ದೆ. ಮಧ್ಯಾಹ್ನ ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಸಂಜೆ 4ರ ಮೇಲೆ ಮೇಲ್ ತೆರೆದು ನೋಡುತ್ತಿರಲಿಲ್ಲ. ಈ ಕೊನೆಯದು ಬಹಳ ಮುಖ್ಯ. ದಿನವಿಡೀ ಹುಡುಕುವವನು ದಿನವಿಡೀ ತಿರಸ್ಕೃತನಾಗಿರುತ್ತಾನೆ.

ಇನ್ನೊಂದು ವಿಷಯ ಹೇಳಲೇಬೇಕು. ಹತ್ತನೇ ತಿಂಗಳಲ್ಲಿ ಅಕ್ಕನ ಮುಂದೆ ನನ್ನ ಅರ್ಜಿಗಳ ಪಟ್ಟಿ ಇಟ್ಟೆ. ಒಂದೊಂದಾಗಿ ಓದಿ ಹೇಳಿದೆ. ಅವಳು ಬುದ್ಧಿವಾದ ಹೇಳಲಿಲ್ಲ, ಪೂರ್ತಿ ಕೇಳಿಸಿಕೊಂಡಳು. ಎರಡು ವಾರ ಕಳೆದು ಅವಳ ಹಳೇ ರೂಮ್‌ಮೇಟ್‌ಗೆ ಯಾವುದೋ ಮಾತಿನ ನಡುವೆ "ನನ್ನ ತಮ್ಮ ಲೆಕ್ಕಪತ್ರದ ಕೆಲಸ ಹುಡುಕ್ತಿದ್ದಾನೆ" ಅಂದಿದ್ದಳು. ಆ ರೂಮ್‌ಮೇಟ್‌ನ ಆಫೀಸಿನಲ್ಲೇ ನನ್ನ ಮೊದಲ ಕೆಲಸ. ಅದಕ್ಕೂ ಮೊದಲು ಅವರನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು. ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ಅಷ್ಟಾಗಿ ಪರಿಚಯವಿಲ್ಲದವರು ಬೇರೆ ವಲಯದ ಸುದ್ದಿ ತರುತ್ತಾರೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಮುಖಪರಿಚಯದಂಥ ಸಂಬಂಧಗಳೇ ಕೆಲಸಕ್ಕೆ ಹೆಚ್ಚು ಒದಗುತ್ತವೆ ಎಂದು ತೋರಿಸಿತು. ನೀವು ಎತ್ತದೇ ಬಿಟ್ಟ ಫೋನ್‌ಗಳು ಅಂಥವರದೇ ಇರಬಹುದು.

ಉತ್ತರ 2

ನಾನು ಮೇಜಿನ ಆಚೆ ಬದಿಯವಳು. 11 ವರ್ಷಗಳಿಂದ ಕೆಲಸಕ್ಕೆ ಜನರನ್ನು ಆರಿಸುತ್ತಿದ್ದೇನೆ.

ನಿಮ್ಮ ಅಂಕಿಗಳನ್ನೇ ನೋಡಿ. 140 ಅರ್ಜಿಗೆ 6 ಕರೆ ಅಂದರೆ ನೂರಕ್ಕೆ ನಾಲ್ಕು. ಆದರೆ ಕರೆದ 6ರಲ್ಲಿ 2 ಕಡೆ ಕೊನೆಯ ಸುತ್ತು ತಲುಪಿದ್ದೀರಿ. ಎದುರು ಕೂತಾಗ ನೀವು ಚೆನ್ನಾಗಿಯೇ ಮಾತಾಡುತ್ತೀರಿ, ಸಮಸ್ಯೆ ಇರುವುದು ರೆಸ್ಯೂಮೆಯಲ್ಲಿ ಅಥವಾ ನೀವು ಅರ್ಜಿ ಹಾಕುವ ಜಾಗಗಳಲ್ಲಿ. 140 ಕಡೆಗೂ ಒಂದೇ ರೆಸ್ಯೂಮೆ ಕಳಿಸಿದ್ದೀರಿ ಅನ್ನಿಸುತ್ತದೆ, ತಪ್ಪಿದ್ದರೆ ತಿದ್ದಿ. ವಾರಕ್ಕೆ ಐದೇ ಅರ್ಜಿ ಹಾಕಿ, ಆದರೆ ಜಾಹೀರಾತಿನಲ್ಲಿ ಅವರು ಕೇಳಿದ ಕೌಶಲ ನಿಮಗಿದ್ದರೆ ಅವರದೇ ಪದದಲ್ಲಿ, ಪುಟದ ಮೇಲ್ಭಾಗದಲ್ಲಿ ಬರೆಯಿರಿ. "ಶ್ರಮಜೀವಿ, ತಂಡದಲ್ಲಿ ಕೆಲಸ ಮಾಡಬಲ್ಲೆ" ಎಂಬ ಸಾಲು ಎಲ್ಲರದ್ದರಲ್ಲೂ ಇರುತ್ತದೆ, ಅದರ ಮೇಲೆ ನನ್ನ ಕಣ್ಣು ನಿಲ್ಲುವುದೇ ಇಲ್ಲ. ಮಾಡಿದ ಒಂದು ಪ್ರಾಜೆಕ್ಟ್, ಅದರಲ್ಲಿ ನಿಮ್ಮ ಪಾಲು, ಕೊನೆಗೆ ಏನಾಯಿತು, ಇಷ್ಟಿದ್ದರೆ ಓದುತ್ತೇನೆ.

ಕೊನೆಯ ಸುತ್ತಿನಲ್ಲಿ ಕೈಬಿಟ್ಟ ಆ ಎರಡು ಕಡೆಗೆ ಇವತ್ತೇ ಮೇಲ್ ಬರೆಯಿರಿ. ಆಯ್ಕೆಯಾದವರು ಸೇರದೇ ಹೋಗುವುದು, ಸೇರಿ ಬೇಗ ಬಿಡುವುದು ನಮಗೆ ಹೊಸದಲ್ಲ. ಆಗ ಮತ್ತೆ ಜಾಹೀರಾತು ಕೊಡುವ ಬದಲು ಎರಡನೆಯವರನ್ನು ನೆನಪಿಸಿಕೊಳ್ಳುತ್ತೇವೆ, ಅವರು ನೆನಪಿನಲ್ಲಿದ್ದರೆ.

17 ತಿಂಗಳ ಖಾಲಿಯ ಬಗ್ಗೆ ಕೇಳಿದರೆ ಎರಡೇ ವಾಕ್ಯದಲ್ಲಿ ನಿಜ ಹೇಳಿ, ಆ ಅವಧಿಯಲ್ಲಿ ಕಲಿತ ಒಂದು ಸಂಗತಿಗೆ ಮಾತು ತಿರುಗಿಸಿ. ಕ್ಷಮೆ ಕೇಳುವ ದನಿ ಬೇಡ.

ಒಂದು ಎಚ್ಚರಿಕೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ವಾಪಸ್ ಕೊಡುವ ಠೇವಣಿ, ಯಾವ ಹೆಸರಿನಲ್ಲೇ ಆಗಲಿ ಕೆಲಸ ಕೊಡಿಸಲು ದುಡ್ಡು ಕೇಳುವವರಿಂದ ದೂರವಿರಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎಂಬುದೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಮೂಲ ನಿಯಮ. ಹತಾಶರಾದವರನ್ನು ಗುರುತಿಸುವುದರಲ್ಲಿ ಈ ವಂಚಕರು ನಿಪುಣರು. ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ.

ಉತ್ತರ 3

ದುಡ್ಡಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

"ಸ್ವಂತ ಕಾಲ ಮೇಲೆ ನಿಲ್ಲಬೇಕು" ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ಒಂದು ಬಾಗಿಲು ಅಂದುಕೊಂಡಿದ್ದೆ, ಕೆಲಸ ಸಿಕ್ಕ ದಿನ ಆಚೆ ಕಾಲಿಡುತ್ತೇನೆ ಅಂತ. ನನ್ನ ವಿಷಯದಲ್ಲಿ ಅದು ಐದು ವರ್ಷ ಹಿಡಿಯಿತು. ಟ್ಯೂಷನ್ ಮಾಡುವಾಗ ಫೋನ್ ಖರ್ಚು ನನ್ನದಾಯಿತು. ಮೊದಲ ಕೆಲಸದಲ್ಲಿ ಓಡಾಟದ ಖರ್ಚು, ಬಟ್ಟೆ ನನ್ನದಾಯಿತು. ಬಾಡಿಗೆ ನನ್ನದಾದದ್ದು ಮೂರನೇ ವರ್ಷ, ಶಿಕ್ಷಣ ಸಾಲ ತೀರಿದ್ದು ಐದನೇ ವರ್ಷ. ನೀವೂ ಒಂದು ಖರ್ಚನ್ನು ಮೊದಲು ನಿಮ್ಮದು ಮಾಡಿಕೊಳ್ಳಿ. ರೀಚಾರ್ಜಿನಿಂದ ಶುರುಮಾಡಿ. ತಿಂಗಳಿಗೆ ನಾಲ್ಕು ಸಂಜೆಯ ಯಾವುದಾದರೂ ಸಣ್ಣ ದುಡಿಮೆ ಅದಕ್ಕೆ ಸಾಕಾಗಬಹುದು. ಅಪ್ಪನ ಮುಂದೆ ಕೈ ಚಾಚದ ಮೊದಲ ತಿಂಗಳು ನನ್ನ ಬೆನ್ನು ನೆಟ್ಟಗಾದದ್ದು ಇಂದಿಗೂ ನೆನಪಿದೆ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಕೆಲಸ ಸಿಗುವ ಮೊದಲೇ, ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದ ಮೇಲೆ ಫೋನಿನ ಆ್ಯಪ್‌ನಲ್ಲಿ ಸಾಲ ತೆಗೆದೆ. ಮನೆಯಲ್ಲಿ ಕೇಳಲು ನಾಚಿಕೆ, ಆ್ಯಪ್‌ಗೆ ಮುಖವಿಲ್ಲ. ತಿಂಗಳಿಗೆ ಶೇ. 3 ಬಡ್ಡಿ ಕೇಳಲು ಸಣ್ಣದು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಸಾಲ ದುಪ್ಪಟ್ಟಾಗುವ ಅವಧಿ ಹೆಚ್ಚುಕಡಿಮೆ ಸಿಗುತ್ತದೆ, ಈ ಲೆಕ್ಕ ಆಗ ನನಗೆ ಗೊತ್ತಿರಲಿಲ್ಲ. 72 ಭಾಗಿಸು 3, ಅಂದರೆ 24 ತಿಂಗಳು. ಕಟ್ಟದೇ ಬಿಟ್ಟರೆ ಬಡ್ಡಿಗೆ ಬಡ್ಡಿ ಸೇರಿ ಎರಡು ವರ್ಷದಲ್ಲಿ 100 ತೆಗೆದದ್ದು 200. ತಡವಾದದ್ದಕ್ಕೆ ದಂಡ ಬೇರೆ. ಕೊನೆಗೆ ಅಮ್ಮನಿಗೆ ಹೇಳಿದೆ. ಅಮ್ಮ ಆ ದಿನ ಮಾತಾಡಲಿಲ್ಲ, ಮರುದಿನ ತನ್ನ ಉಳಿತಾಯದಿಂದ ತೀರಿಸಿದಳು. ಅವಳಿಗೆ ಬಡ್ಡಿಯಿಲ್ಲದೆ 9 ತಿಂಗಳಲ್ಲಿ ಹಿಂದಿರುಗಿಸಿದೆ. ಮೊದಲೇ ಹೇಳಿದ್ದರೆ ಅರ್ಧಕ್ಕೇ ಮುಗಿಯುತ್ತಿತ್ತು.

ಕೆಲಸ ಸಿಕ್ಕ ಮೇಲೆ ನಿಮ್ಮ ಒಂದು ತಿಂಗಳ ಖರ್ಚಿನಷ್ಟು ದುಡ್ಡನ್ನು ಮೊದಲು ಕೂಡಿಡಿ, ಆಮೇಲೆ ಅದನ್ನು ಮೂರು ತಿಂಗಳಿಗೆ ಏರಿಸಿ. ನನ್ನ ಮೊದಲ ಮಾಲೀಕರು ಎರಡು ತಿಂಗಳು ಸಂಬಳ ತಡಮಾಡಿದರು, ಕೂಗಾಡುತ್ತಿದ್ದರು. ಬಿಟ್ಟು ಹೋಗುವ ಧೈರ್ಯ ನನಗಿತ್ತು, ದುಡ್ಡಿರಲಿಲ್ಲ. ಬೇರೆಯವರ ಸಾಲಕ್ಕೆ ಜಾಮೀನು ಸಹಿ ಹಾಕಬೇಡಿ, ಎಷ್ಟೇ ಹತ್ತಿರದವರಾದರೂ.

ಕೇಳಿದವರು

ಹೌದು, ಒಂದೇ ರೆಸ್ಯೂಮೆ ಕಳಿಸುತ್ತಿದ್ದೆ. ಇನ್ನೊಂದು ಪ್ರಶ್ನೆ. ನನ್ನ ಓದಿಗೆ ಸಂಬಂಧವೇ ಇಲ್ಲದ ಡೇಟಾ ಎಂಟ್ರಿ ಕೆಲಸವೊಂದು ಸಿಗುವಂತಿದೆ, ಸಂಬಳ ಕಡಿಮೆ. ಸೇರಿದರೆ ಮುಂದೆ ಅದೇ ಹಣೆಪಟ್ಟಿ ಅಂಟಿಕೊಳ್ಳುತ್ತದೆಯೇ?

ಉತ್ತರ 4

ಸೇರಿ. ಆರ್ಥಿಕತೆ ಕುಸಿದ ವರ್ಷದಲ್ಲಿ ಪದವಿ ಪಡೆದ ಕೆನಡಾದವರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಗಿದೆ. ಅವರ ಆರಂಭದ ಗಳಿಕೆ ಸುಮಾರು ಶೇ. 9ರಷ್ಟು ಕಡಿಮೆಯಿತ್ತು, ಐದು ವರ್ಷದಲ್ಲಿ ಆ ಅಂತರ ಅರ್ಧವಾಗಿ ಹತ್ತು ವರ್ಷದ ಹೊತ್ತಿಗೆ ಬಹುತೇಕ ಅಳಿಸಿಹೋಯಿತು. ಚೇತರಿಸಿಕೊಂಡದ್ದು ಹೇಗೆಂದರೆ, ಹೆಚ್ಚಾಗಿ ಸಣ್ಣ ಸಂಬಳದ ಕಂಪನಿಯಿಂದ ಒಳ್ಳೆಯದಕ್ಕೆ ಜಿಗಿದು. ಅಂದರೆ ಮೊದಲ ಕೆಲಸ ಎಂಥದ್ದು ಅನ್ನುವುದಕ್ಕಿಂತ ಅಲ್ಲಿಂದ ಹೊರಡುತ್ತೀರೋ ಇಲ್ಲವೋ ಅನ್ನುವುದು ದೊಡ್ಡದು.

ಉತ್ತರ 5

ಮೇಲಿನವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ನಾನೂ "ಸದ್ಯಕ್ಕೆ" ಅಂತ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದೆ. ಹಗಲೆಲ್ಲ ನಿದ್ದೆ, ಮೂರು ವರ್ಷ ಒಂದೂ ಅರ್ಜಿ ಹಾಕಲಿಲ್ಲ. ಸೇರುವ ಮೊದಲು ಪಾಳಿಯ ಸಮಯ ಕೇಳಿ, ನೋಟಿಸ್ ಪೀರಿಯಡ್ ಎಷ್ಟು ಕೇಳಿ, ಇಷ್ಟು ವರ್ಷ ಬಿಡಬಾರದು ಎಂಬ ಬಾಂಡ್ ಇದ್ದರೆ ಸಹಿ ಹಾಕಬೇಡಿ. ವಾರಕ್ಕೆ ಎರಡು ಬೆಳಗು ಹುಡುಕಾಟಕ್ಕೆ ಉಳಿಯುವಂತಿದ್ದರೆ ಮಾತ್ರ ಹೂಂ ಅನ್ನಿ.

ಹೇಳಿಕೊಳ್ಳಲು ಯಾರೂ ಇಲ್ಲ ಅನ್ನಿಸಿದರೆ ಕಾಗದಕ್ಕೆ ಹೇಳಿ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಲಸ ಕಳೆದುಕೊಂಡ ಎಂಜಿನಿಯರುಗಳಲ್ಲಿ ಕೆಲವರು ತಮ್ಮ ನೋವು, ಸಿಟ್ಟುಗಳ ಬಗ್ಗೆ ಐದು ದಿನ, ದಿನಕ್ಕೆ 20 ನಿಮಿಷ ಬರೆದರು. ಬರೆದವರಿಗೆ ಬೇರೆಯವರಿಗಿಂತ ಬೇಗ ಕೆಲಸ ಸಿಕ್ಕಿತು. ಇಂಟರ್‌ವ್ಯೂ ಕರೆಗಳೇನೂ ಅವರಿಗೆ ಹೆಚ್ಚು ಬಂದಿರಲಿಲ್ಲ. ಒಳಗಿನ ಕಹಿಯನ್ನು ಕಾಗದದಲ್ಲಿ ಬಿಟ್ಟು ಹೋದದ್ದೇ ಕಾರಣ ಅಂತ ನನಗನ್ನಿಸುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಕಾಗದ ಸಾಲದು, ಅದೇ ದಿನ ಹತ್ತಿರದವರೊಬ್ಬರಿಗೆ ಹೇಳಿ ವೈದ್ಯರ ಬಳಿ ಹೋಗಿ. ನಾನು ಹೋಗಿದ್ದೆ.

ಉತ್ತರ 6

ನನಗೆ 58. ಮಗನಿಗೆ ಎರಡು ವರ್ಷ ಕೆಲಸವಿರಲಿಲ್ಲ. ನಾನೂ ದಿನಾ "ಏನಾಯ್ತು?" ಅಂತಲೇ ಕೇಳುತ್ತಿದ್ದೆ. ಬೇರೆ ಮಾತು ಗೊತ್ತಿರಲಿಲ್ಲ ಮಗು. ಕೇಳದಿದ್ದರೆ ಅವನ ಬಗ್ಗೆ ಲಕ್ಷ್ಯವಿಲ್ಲ ಅಂದುಕೊಳ್ಳುತ್ತಾನೇನೋ ಎಂಬ ಭಯ, ಕೇಳಿದರೆ ಮುಖ ಬಾಡುತ್ತದೆ ಎಂಬ ಸಂಕಟ. ಅವನು ಎಷ್ಟು ಕಡೆ ಅಲೆದಿದ್ದ ಅಂತ ನನಗೆ ತಿಳಿದದ್ದು ಕೆಲಸ ಸಿಕ್ಕ ಮೇಲೆ. ಮೊದಲೇ ತಿಳಿದಿದ್ದರೆ ಆ ಎರಡು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಅಷ್ಟು ಒಂಟಿಯಾಗಿ ಇರುತ್ತಿರಲಿಲ್ಲ.

ಕೇಳಿದವರು

ನಿನ್ನೆ ರಾತ್ರಿ ಅಪ್ಪನಿಗೆ ಪಟ್ಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. "ಇಷ್ಟೊಂದಾ?" ಅಂದರು. ಬಹಳ ಹೊತ್ತು ಸುಮ್ಮನಿದ್ದು, 83ನೇ ಹೆಸರಿನ ಮೇಲೆ ಬೆರಳಿಟ್ಟು, ಹಿಂದೆ ತಮ್ಮ ಜೊತೆ ಕೆಲಸ ಮಾಡಿದವರೊಬ್ಬರು ಈಗ ಅಲ್ಲಿದ್ದಾರೆ ಅಂದರು. ನಂಬರ್ ಹುಡುಕಿ ಕೊಟ್ಟಿದ್ದಾರೆ, ಮಾತಾಡಬೇಕಾದವನು ನಾನು. ಡೇಟಾ ಎಂಟ್ರಿಯವರಿಗೆ ಪಾಳಿಯ ಸಮಯ ಕೇಳಿ ಮೇಲ್ ಹಾಕಿದ್ದೇನೆ, ಕೊನೆಯ ಸುತ್ತಿನ ಆ ಎರಡು ಕಡೆಗೂ.

ಫೋನಿನಲ್ಲಿ ಹೇಳಲು ಹೀಗೆ ಬರೆದುಕೊಂಡಿದ್ದೇನೆ, ಸರಿಯಿದೆಯಾ ನೋಡಿ: "ನಮಸ್ಕಾರ ಸರ್, ನಾನು ಇಂಥವರ ಮಗ. ನಿಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಏನಾದರೂ ಕೆಲಸವಿದ್ದರೆ ದಯವಿಟ್ಟು ತಿಳಿಸಿ."

ಉತ್ತರ 2 ಬರೆದವರು

ಕ್ಷಮಿಸಿ ಅನ್ನುವುದನ್ನು ತೆಗೆಯಿರಿ. "ಏನಾದರೂ ಕೆಲಸ" ಅಂದರೆ ಅವರಿಗೆ ಏನನ್ನು ಹುಡುಕಬೇಕೆಂದೇ ತೋಚುವುದಿಲ್ಲ, ನಿಮಗೆ ಬೇಕಾದ ಕೆಲಸದ ಹೆಸರು ಹೇಳಿ. ಆಮೇಲೆ "ನಿಮ್ಮಲ್ಲಿ ಈ ವಿಭಾಗ ನೋಡಿಕೊಳ್ಳುವವರು ಯಾರು, ಅವರ ಜೊತೆ ಹತ್ತು ನಿಮಿಷ ಮಾತಾಡಬಹುದೇ" ಅಂತ ಕೇಳಿ. ಬೆಳಿಗ್ಗೆ 11ರ ಸುಮಾರಿಗೆ ಮಾಡಿ, ಬಂದ ತಕ್ಷಣದ ಗಡಿಬಿಡಿ ಅಷ್ಟರಲ್ಲಿ ಮುಗಿದಿರುತ್ತದೆ.