ಎರಡು ಸುದ್ದಿತಾಣ, ಎರಡು ಸಾವಿನ ಲೆಕ್ಕ: ಯಾವುದನ್ನು ನಂಬುವುದು?

ಪ್ರಶ್ನೆ – ಓದುಗಕಟ್ಟೆ
ಸಾಂಕ್ರಾಮಿಕ ಹಬ್ಬಿದಾಗ ಒಂದೇ ದಿನ ಎರಡು ತಾಣಗಳಲ್ಲಿ ಸಾವಿನ ಸಂಖ್ಯೆ ಬೇರೆ ಬೇರೆ. ಕಳೆದ ವಾರ ರಾಮಬಾಣ ಅನ್ನಿಸಿಕೊಂಡ ಔಷಧಿ ಈ ವಾರ ಅಪಾಯಕಾರಿ. ಇದನ್ನೆಲ್ಲ ನೋಡಿದವರು ‘ಎಲ್ಲ ಬೊಗಳೆ’ ಅಂತ ಓದುವುದನ್ನೇ ಬಿಡುತ್ತಾರೆ. ಫಾರ್ವರ್ಡ್ ಮಾಡುವ ಮುಂಚೆ ಏನೇನು ನೋಡಬೇಕು? ಹೆಸರಾಂತ ತಾಣ ಅಂದರೆ ಸಾಕೇ?

ಉತ್ತರ – ಛೇದಾಂಶ
ಸಾಲದು. ಹಾಗಂತ ಸಂಖ್ಯೆ ಬೇರೆ ಇದ್ದ ಮಾತ್ರಕ್ಕೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅಲ್ಲ. ಒಬ್ಬರು ಸಾವು ಸಂಭವಿಸಿದ ದಿನಕ್ಕೆ ಲೆಕ್ಕ ಹಾಕಿರುತ್ತಾರೆ, ಇನ್ನೊಬ್ಬರು ಅದು ದಾಖಲಾದ ದಿನಕ್ಕೆ. ರಜೆಯಲ್ಲಿ ನಿಂತ ದಾಖಲೆಗಳು ಆಮೇಲೆ ಒಟ್ಟಿಗೆ ಬಂದಾಗ ‘ದಿಢೀರ್ ಏರಿಕೆ’ ಎಂಬ ಶೀರ್ಷಿಕೆ ಹುಟ್ಟುತ್ತದೆ. 7 ದಿನದ ಸರಾಸರಿ ನೋಡಿ. ಯಾವ ಸಾವನ್ನು ಎಣಿಸಬೇಕು ಎಂಬ ವ್ಯಾಖ್ಯೆಯೂ ಬದಲಾಗುತ್ತದೆ. 2020ರ ಆಗಸ್ಟ್‌ನಲ್ಲಿ ಬ್ರಿಟನ್, ಕೋವಿಡ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ 28 ದಿನದೊಳಗಿನ ಸಾವನ್ನಷ್ಟೇ ಎಣಿಸಲು ಶುರು ಮಾಡಿದಾಗ ಒಟ್ಟು ಲೆಕ್ಕ 5,000ಕ್ಕೂ ಹೆಚ್ಚು ಇಳಿಯಿತು.

ಶೇಕಡಾವಾರು ಕಂಡರೆ ‘ಎಷ್ಟರಲ್ಲಿ?’ ಅಂತ ಕೇಳಿ. ಫೈಜರ್ ಕೋವಿಡ್ ಲಸಿಕೆ ‘ಶೇ 95 ಪರಿಣಾಮಕಾರಿ’ ಅಂದರೆ ಲಸಿಕೆ ಪಡೆದ ನೂರರಲ್ಲಿ ಐವರಿಗೆ ರೋಗ ಅಂತಲ್ಲ. ಲಸಿಕೆಯ ಪ್ರಯೋಗದ ಎರಡೂ ಗುಂಪಿನಲ್ಲಿ ತಲಾ 18,000ಕ್ಕೂ ಹೆಚ್ಚು ಜನರಿದ್ದರು. ರೋಗ ಬಂದದ್ದು ಹುಸಿ ಚುಚ್ಚುಮದ್ದು ಪಡೆದವರಲ್ಲಿ 162 ಮಂದಿಗೆ, ಲಸಿಕೆ ಪಡೆದವರಲ್ಲಿ 8 ಮಂದಿಗೆ. 162ಕ್ಕಿಂತ 8 ಶೇ 95ರಷ್ಟು ಕಡಿಮೆ, ಆ 95 ಬಂದದ್ದು ಹೀಗೆ.

ಉತ್ತರ – ಅಡಿಟಿಪ್ಪಣಿ
ಔಷಧಿಯ ಸುದ್ದಿಯಾದರೆ ಮೂಲ ಪ್ರಬಂಧದ ಕೊಂಡಿ ತೆರೆಯಿರಿ. ಕೊಂಡಿಯೇ ಇಲ್ಲವೇ, ಅಲ್ಲಿಗೇ ಬಿಡಿ. ಮೆಡ್‌ಆರ್ಕೈವ್‌ನಂಥ ಪ್ರೀಪ್ರಿಂಟ್ (ಪರಿಶೀಲನೆಗೆ ಮುಂಚೆಯೇ ಪ್ರಬಂಧ ಹಾಕುವ) ತಾಣದಲ್ಲಿ ‘ತಜ್ಞರ ಪರಿಶೀಲನೆ ಆಗಿಲ್ಲ’ ಅಂತ ಬರೆದೇ ಇರುತ್ತದೆ. ಸುದ್ದಿಯಾಗುವಾಗ ಆ ಸಾಲು ಮಾಯ. ಪ್ರಯೋಗ ಜೀವಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಹೋಲಿಕೆಗೆ ಆ ಔಷಧಿ ಪಡೆಯದ ಗುಂಪು ಇತ್ತೇ?

ಪರಿಶೀಲನೆಯಾದ ಪ್ರಬಂಧವೂ ಕುಸಿಯಬಹುದು. ಮಲೇರಿಯಾ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚು ಎಂಬ ಪ್ರಬಂಧ 2020ರ ಮೇ 22ರಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂತು. ಕೆಲವೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮೂಲ ದತ್ತಾಂಶ ಸ್ವತಂತ್ರ ಪರಿಶೀಲನೆಗೆ ಸಿಗದ ಕಾರಣ ಜೂನ್ 4ರಂದು ಪ್ರಬಂಧವೇ ವಾಪಸಾಯಿತು. (ಆಸ್ಪತ್ರೆ ಸೇರಿದವರಿಗೆ ಆ ಔಷಧಿಯಿಂದ ಪ್ರಯೋಜನವಿಲ್ಲ ಅಂತ ಬ್ರಿಟನ್ನಿನ ‘ರಿಕವರಿ’ ಎಂಬ ಪ್ರಯೋಗ ಆಮೇಲೆ ತೋರಿಸಿತು, ಅದು ಬೇರೆ ಮಾತು.) ಹಾಗಾಗಿ ಹಳೆಯ ಸುದ್ದಿ ಹಂಚುವ ಮುಂಚೆ ಪ್ರಬಂಧ ಬಂದ ಪತ್ರಿಕೆಯ ಪುಟದಲ್ಲಿ ‘ಹಿಂಪಡೆಯಲಾಗಿದೆ’ (Retracted) ಎಂಬ ಗುರುತು ಇದೆಯೇ ನೋಡಿ.

ಉತ್ತರ – ಪುರವಣಿ
ನಾನಂತೂ ತಾಣವನ್ನು ಅಳೆಯುವುದು ತಿದ್ದುಪಡಿಯಿಂದ. ಪ್ರಕಟಿಸಿದ ಹೊತ್ತು, ಪರಿಷ್ಕರಿಸಿದ ಹೊತ್ತು, ಏನು ತಪ್ಪಾಗಿತ್ತು ಎಂಬ ಒಂದು ಸಾಲು – ಮೂರೂ ಇರಬೇಕು. ಸದ್ದಿಲ್ಲದೆ ಶೀರ್ಷಿಕೆ ಬದಲಿಸಿದ್ದಾರೆ ಅನ್ನಿಸಿದರೆ ತಾಣಗಳ ಹಳೆಯ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪ್ರತಿ ಹುಡುಕಿ.

ಸಂಪಾದಕರು ಮರೆಯುವ ವಿಷಯ: ತಾಣದಲ್ಲಿ ತಿದ್ದಿದರೂ ಫೇಸ್‌ಬುಕ್ ತಾನು ಉಳಿಸಿಕೊಂಡ ಹಳೆಯ ಶೀರ್ಷಿಕೆಯನ್ನೇ ತೋರಿಸುತ್ತಿರಬಹುದು. ಫೇಸ್‌ಬುಕ್ಕಿನದೇ ಸಾಧನವಾದ ಶೇರಿಂಗ್ ಡಿಬಗರ್‌ನಲ್ಲಿ ಕೊಂಡಿ ಹಾಕಿ ಮತ್ತೆ ಸ್ಕ್ರೇಪ್ ಮಾಡಿಸಬೇಕು, ಅಂದರೆ ಪುಟವನ್ನು ಹೊಸದಾಗಿ ಓದಿಸಬೇಕು.

ಓದುಗಕಟ್ಟೆ
ಬರೀ ಸ್ಕ್ರೀನ್‌ಶಾಟ್ ಬಂದಿದ್ದರೆ?

ಪುರವಣಿ
ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ತಾಣದಲ್ಲೂ ಇಲ್ಲ, ವೇಬ್ಯಾಕ್‌ನಲ್ಲೂ ಇಲ್ಲ ಅಂದರೆ ಹಂಚಬೇಡಿ. ಸಿಕ್ಕಿದರೂ ದಿನಾಂಕ ನೋಡಿ, ಎಷ್ಟೋ ಸಲ ಅದು ಹಿಂದಿನ ಅಲೆಯ ಸುದ್ದಿಯಾಗಿರುತ್ತದೆ.