ನಾಲ್ಕು ಓರ್ಕ್, ಮೊದಲ ಪೆಟ್ಟು ಯಾರಿಗೆ?

ಕದ್ರಿ ಗುಡ್ಡೆ:
ಭಾನುವಾರ ಕದ್ರಿಯ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದೆವು, ಪಾತ್ರ ವಹಿಸಿ ದಾಳ ಹಾಕುವ ಕಥೆಯ ಆಟ. 2014ರ ಐದನೇ ಆವೃತ್ತಿ. ನಾವು ನಾಲ್ವರು, ಎದುರಿಗೆ ನಾಲ್ಕು ಓರ್ಕ್, ಅಂದರೆ ಆಟದ ರಾಕ್ಷಸರು. ಹೊರಗೆ ಮಳೆ ಹೊಯ್ಯುತ್ತಿತ್ತು, ಯಾರಿಗೂ ಮನೆಗೆ ಹೋಗುವ ಅವಸರ ಇರಲಿಲ್ಲ. ನಮ್ಮವರು ಒಬ್ಬೊಬ್ಬರು ಒಂದೊಂದು ಓರ್ಕನ್ನು ಹಿಡಿದುಕೊಂಡರು. ಗೆದ್ದದ್ದು ನಿಜ, ಆದರೆ ಇಬ್ಬರು ನೆಲಕ್ಕೆ ಬಿದ್ದ ಮೇಲೆ. ಎಲ್ಲರೂ ಒಂದರ ಮೇಲೆಯೇ ಬೀಳೋಣ ಅಂತ ನಾನು ಮೊದಲೇ ಹೇಳಿದ್ದೆ, ಯಾರೂ ಒಪ್ಪಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ.

ಒಂದು ಓರ್ಕಿಗೆ 15 ಎಚ್‌ಪಿ, ಅಂದರೆ ಜೀವದ ಅಂಕ; ಅದು ಸೊನ್ನೆಯಾದರೆ ಸತ್ತ ಹಾಗೆ. ನಮ್ಮ ನಾಲ್ವರಿಂದ ರೌಂಡಿಗೆ, ಅಂದರೆ ಎಲ್ಲರ ಒಂದೊಂದು ಸರದಿಗೆ, ಸರಾಸರಿ 15 ಡ್ಯಾಮೇಜ್ ಅಂತ ಇಟ್ಟುಕೊಳ್ಳಿ, ಮೊದಲ ಸರದಿ ನಮ್ಮದು. ಒಂದೊಂದನ್ನೇ ಮುಗಿಸುತ್ತಾ ಹೋದರೆ ಮೊದಲ ರೌಂಡಿನಲ್ಲಿ ಮೂರು ಓರ್ಕ್ ತಿರುಗಿ ಹೊಡೆಯುತ್ತವೆ, ಆಮೇಲೆ ಎರಡು, ಆಮೇಲೆ ಒಂದು. ಒಟ್ಟು 6 ಏಟು. ಹಂಚಿಕೊಂಡು ಹೊಡೆದರೆ ನಾಲ್ಕನೇ ರೌಂಡಿನವರೆಗೆ ಒಂದೂ ಸಾಯುವುದಿಲ್ಲ. ಮೂರು ರೌಂಡು, ಪ್ರತಿ ಸಲ ನಾಲ್ಕು ಏಟು, ಒಟ್ಟು 12.

ಓರ್ಕಿನ ಕೊಡಲಿ ಅಂದರೆ 12 ಮುಖದ ದಾಳ, ಅದಕ್ಕೆ 3 ಕೂಡಿಸಬೇಕು. ಸರಾಸರಿ 9.5. ನಮ್ಮ ಎಸಿ, ಅಂದರೆ ಏಟು ತಾಗಲು ಮುಟ್ಟಬೇಕಾದ ಅಂಕಿ, 16. ಓರ್ಕ್ 20 ಮುಖದ ದಾಳ ಹಾಕಿ 5 ಬೋನಸ್ ಕೂಡಿಸುತ್ತದೆ. ಹಾಗಾಗಿ 11 ಬಿದ್ದರೆ ತಾಗುತ್ತದೆ, ಅರ್ಧಕ್ಕರ್ಧ. ಕ್ರಿಟಿಕಲ್ (20 ಬಿದ್ದಾಗಿನ ಜೋರು ಪೆಟ್ಟು) ಬಿಟ್ಟರೆ ಏಟಿಗೆ 4.75. ಒಂದು ದಾರಿಯಲ್ಲಿ ನಾವು ತಿನ್ನುವುದು 28.5, ಇನ್ನೊಂದರಲ್ಲಿ 57. ಅರ್ಧ ಸತ್ತ ಓರ್ಕ್ ಪೂರ್ತಿ ಜೋರಾಗಿಯೇ ಹೊಡೆಯುತ್ತದೆ, ವಿಷಯ ಇರುವುದೇ ಅಲ್ಲಿ.

ಸುರತ್ಕಲ್ ದಾಳ:
ಒಪ್ಪುತ್ತೇನೆ. ಇದು ಹಳೆಯ ಲೆಕ್ಕವೂ ಹೌದು. ಲ್ಯಾಂಚೆಸ್ಟರ್ ಎಂಬ ಇಂಗ್ಲೆಂಡಿನ ಇಂಜಿನಿಯರ್ 1916ರಲ್ಲೇ ಬರೆದಿದ್ದಾರೆ: ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸಬಹುದಾದ ಯುದ್ಧದಲ್ಲಿ ಒಂದು ಪಡೆಯ ಬಲ ಅದರ ಸಂಖ್ಯೆಯ ವರ್ಗದಷ್ಟು. ನಾಲ್ಕು ಓರ್ಕ್ ಎರಡು ಓರ್ಕಿನ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಆದರೆ ನಿಮ್ಮ 6 ಮತ್ತು 12 ಎರಡೂ ತುದಿಗಳು. ಹಂಚಿಕೊಂಡು ಹೊಡೆದಾಗ ದಾಳದ ಕೃಪೆಯಿಂದ ಒಂದು ಓರ್ಕ್ ಬೇಗ ಸಾಯುತ್ತದೆ, ಅದನ್ನು ಕೊಂದವರು ಪಕ್ಕದವರ ಸಹಾಯಕ್ಕೆ ಹೋಗುತ್ತಾರೆ. ಹಾಗಾಗಿ 12ಕ್ಕಿಂತ ಕಡಿಮೆ ಬರುತ್ತದೆ. ಒಂದರ ಮೇಲೆಯೇ ಬಿದ್ದಾಗ ಕೊನೆಯ ಪೆಟ್ಟಿನಲ್ಲಿ ಸ್ವಲ್ಪ ದಂಡ ಆಗುತ್ತದೆ. ಹಾಗಾಗಿ 6ಕ್ಕಿಂತ ಜಾಸ್ತಿ ಬರುತ್ತದೆ.

ಸರಾಸರಿ ಒಂದನ್ನೇ ನಂಬಬಾರದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದೊಡ್ಡ ಕತ್ತಿಗೆ ಆರು ಮುಖದ ಎರಡು ದಾಳ, ಸರಾಸರಿ 7. ದೊಡ್ಡ ಕೊಡಲಿಗೆ 12 ಮುಖದ ಒಂದು ದಾಳ, ಸರಾಸರಿ 6.5. ಕತ್ತಿಯೇ ಮೇಲು ಅಂತ ಎಲ್ಲರೂ ಹೇಳುತ್ತಾರೆ. ಇಬ್ಬರಿಗೂ 3 ಬೋನಸ್ ಕೊಡಿ. 7 ಎಚ್‌ಪಿಯ ಗಾಬ್ಲಿನ್ ಒಂದೇ ಪೆಟ್ಟಿಗೆ ಸಾಯಬೇಕಾದರೆ ದಾಳದಲ್ಲಿ 4 ಬೇಕು. ಕತ್ತಿಗೆ 36ರಲ್ಲಿ 33 ಸಲ ಸಿಗುತ್ತದೆ, ಕೊಡಲಿಗೆ 12ರಲ್ಲಿ 9 ಸಲ. ಆದರೆ 15 ಎಚ್‌ಪಿಯ ಓರ್ಕಿಗೆ 12 ಬೇಕು. ಕತ್ತಿಗೆ 36ರಲ್ಲಿ ಒಂದೇ ಸಲ, ಕೊಡಲಿಗೆ 12ರಲ್ಲಿ ಒಂದು ಸಲ, ಅಂದರೆ ಮೂರು ಪಟ್ಟು. ಎದುರಿಗೆ ಇರುವವನ ಎಚ್‌ಪಿ ನೋಡದೆ ಆಯುಧ ಆರಿಸುವುದು ಸರಿಯಲ್ಲ.

ಮಣಿಪಾಲದ ಮಂತ್ರವಾದಿ:
ನೀವಿಬ್ಬರೂ ಫೈರ್‌ಬಾಲ್ (ಹತ್ತಿರ ನಿಂತವರನ್ನೆಲ್ಲ ಒಟ್ಟಿಗೆ ಸುಡುವ ಮಂತ್ರ) ಮರೆತೇ ಬಿಟ್ಟಿರಿ ಮಾರಾಯ್ರೆ! ನಮ್ಮಲ್ಲಿ ಎಲ್ಲರೂ 5ನೇ ಲೆವೆಲ್. ಆರು ಮುಖದ ಎಂಟು ದಾಳ, ಸರಾಸರಿ 28. ನನ್ನ ಡಿಸಿ 15, ಅಂದರೆ ಓರ್ಕ್ ಅಷ್ಟು ಮುಟ್ಟಿದರೆ ಸೇವ್, ಅರ್ಧ ಡ್ಯಾಮೇಜ್ ಮಾತ್ರ. ಓರ್ಕಿನ ಡೆಕ್ಸ್ (ಚುರುಕುತನ) ಬೋನಸ್ ಬರೀ 1, ಅದಕ್ಕೆ 14 ಬೀಳಬೇಕು. 100ರಲ್ಲಿ 65 ಸಲ ಸೇವ್ ತಪ್ಪುತ್ತದೆ, ತಪ್ಪಿದ್ದು ಹೆಚ್ಚುಕಡಿಮೆ ಸತ್ತ ಹಾಗೆಯೇ. ಸೇವ್ ಆದದ್ದಕ್ಕೂ ಸರಾಸರಿ 14 ತಾಗುತ್ತದೆ, ಉಳಿಯುವುದು 1 ಎಚ್‌ಪಿ. ನಾಲ್ಕೂ ಒಟ್ಟಿಗೆ ನಿಂತಿದ್ದರೆ ಒಂದೊಂದಾಗಿ ಯಾಕೆ ಹೊಡೆಯಬೇಕು?

ಕದ್ರಿ ಗುಡ್ಡೆ:
ಫೈರ್‌ಬಾಲ್ ನನ್ನ ಮಾತಿಗೆ ವಿರೋಧ ಅಲ್ಲ. ಅದು ಕೊಲ್ಲುತ್ತದೆ, ಅದೇ ಬೇಕಾದ್ದು. ಗಾಯ ಹಂಚುವುದು ತಪ್ಪು, ಸಾವು ಹಂಚುವುದು ತಪ್ಪಲ್ಲ. ಅದೇ ಮಂತ್ರವನ್ನು 59 ಎಚ್‌ಪಿಯ ನಾಲ್ಕು ಓಗರ್ ದೈತ್ಯರ ಮೇಲೆ ಹಾಕಿ ನೋಡಿ. ನಾಲ್ಕೂ ಎದ್ದು ನಿಂತು ಪೂರ್ತಿ ಜೋರಾಗಿ ಹೊಡೆಯುತ್ತವೆ.

ಉಡುಪಿ ಭಾಗವತ:
ನಾನು ಡಿಎಂ, ಆಟ ನಡೆಸುವುದು, ಓರ್ಕ್ ಆಡಿಸುವುದು ನನ್ನ ಕೆಲಸ. ನನ್ನ ಕಷ್ಟ ಬೇರೆ. ಈ ಲೆಕ್ಕ ನಿಮಗೆ ಮಾತ್ರ ಗೊತ್ತಿರುವುದಾ? ಓರ್ಕಿಗೂ ಗೊತ್ತಿರಬೇಕಲ್ವಾ? 5ನೇ ಲೆವೆಲ್ಲಿನ ಮಂತ್ರವಾದಿಗೆ ಎಸಿ 12, ಎಚ್‌ಪಿ 27 ಅಂತ ಇಟ್ಟುಕೊಳ್ಳಿ. ಓರ್ಕಿಗೆ ಶತ್ರುವಿನ ಕಡೆ ಬೋನಸ್ ಆ್ಯಕ್ಷನ್‌ನಲ್ಲೂ (ಸರದಿಯ ಹೆಚ್ಚುವರಿ ಕೆಲಸ) ಓಡುವ ಗುಣ ಉಂಟು. ನಾಲ್ಕೂ ಅವನ ಮೇಲೆ ಬಿದ್ದರೆ 100ರಲ್ಲಿ 70 ಏಟು ತಾಗುತ್ತದೆ. ಒಂದು ರೌಂಡಿಗೆ 26.6. ಅವನ ಪೂರ್ತಿ ಜೀವ ಹತ್ತಿರ ಹತ್ತಿರ ಅಷ್ಟೇ.

ನಾವು ಮಳೆಗಾಲದಲ್ಲಿ ತಾಳಮದ್ದಲೆ ಕೇಳಿ ಬೆಳೆದವರು. ಚಕ್ರವ್ಯೂಹದಲ್ಲಿ ಆರು ಮಹಾರಥಿಗಳು ಒಬ್ಬ ಅಭಿಮನ್ಯುವಿನ ಮೇಲೆ ಬಿದ್ದರು. ಅದನ್ನು ಇವತ್ತಿಗೂ ಅಧರ್ಮ ಅಂತಲೇ ಹೇಳುತ್ತೇವೆ. ಹುಡುಗರು ತಿಂಗಳುಗಟ್ಟಲೆ ಕಟ್ಟಿದ ಪಾತ್ರವನ್ನು ನಾನು ಹಾಗೆ ಮುಗಿಸಲಾರೆ.

ಮಣಿಪಾಲದ ಮಂತ್ರವಾದಿ:
ಭಾಗವತರೆ, ದಯವಿಟ್ಟು ಮುಗಿಸಲು ನೋಡಿ. ನನ್ನ ಹತ್ತಿರ ಶೀಲ್ಡ್ ಮಂತ್ರ ಉಂಟು. ಎಸಿ 17 ಆಗುತ್ತದೆ, 26.6 ಇಳಿದು 17.1ಕ್ಕೆ ಬರುತ್ತದೆ. ಓರ್ಕ್ ನನ್ನ ಕಡೆ ಬರದಿದ್ದರೆ ನಾನು ಆ ಮಂತ್ರ ಕಲಿತದ್ದು ಯಾತಕ್ಕೆ? ಎದುರಾಳಿ ಸರಿಯಾಗಿ ಆಡಿದರೆ ಮಾತ್ರ ನನ್ನ ಆಯ್ಕೆಗೆ ಬೆಲೆ.

ಚೆನ್ನೆಮಣೆ:
ನಾನು ಆಟಿ ತಿಂಗಳಲ್ಲಿ ಅಜ್ಜಿಯ ಜೊತೆ ಚೆನ್ನೆಮಣೆ ಆಡಿ ಲೆಕ್ಕ ಕಲಿತವಳು. 14 ಗುಳಿ, 56 ಕಾಯಿ, ಎಲ್ಲಾ ಕಣ್ಣೆದುರಿಗೇ. ಇಲ್ಲಿ ದಾಳ ಇರುವುದರಿಂದ ಜನ ಸುಮ್ನೆ ಅಂದಾಜಿಗೆ ಆಡುತ್ತಾರೆ. ಅಡ್ವಾಂಟೇಜ್ (20 ಮುಖದ ದಾಳ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು) ಅಂದರೆ 5 ಕೂಡಿಸಿದ ಹಾಗೆ ಅಂತ ಹೇಳುವವರು ಎಷ್ಟು ಜನ! 11 ಬೇಕಾದಾಗ ಅದು ನಿಜ, ನೂರಕ್ಕೆ 50 ಇದ್ದದ್ದು 75 ಆಗುತ್ತದೆ. 20 ಬೇಕಾದಾಗ 5 ಇದ್ದದ್ದು 9.75, ಅದು 1 ಕೂಡಿಸಿದಷ್ಟೂ ಅಲ್ಲ.

ನನ್ನ ಫೈಟರ್‌ಗೆ (ಯೋಧ ಪಾತ್ರ) ಗ್ರೇಟ್ ವೆಪನ್ ಮಾಸ್ಟರ್ ಎಂಬ ವಿಶೇಷ ಕೌಶಲ ಉಂಟು. ಗುರಿಯಲ್ಲಿ 5 ಕಳೆದು ಡ್ಯಾಮೇಜಿಗೆ 10 ಕೂಡಿಸುವ ಹಳೆಯ ನಿಯಮ. ಮಾಮೂಲಿ ಪೆಟ್ಟು 11, ಇದು 21. ಮಾಮೂಲಿಯಾಗಿ ತಾಗುವ ಸಾಧ್ಯತೆ ನೂರಕ್ಕೆ 52.5ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಲಾಭ. ಓರ್ಕಿನ ಎಸಿ 13, ನನ್ನ ಬೋನಸ್ 7, ಹಾಗಾಗಿ ಮಾಮೂಲಿಗೆ 75, ಇದಕ್ಕೆ 50. ಸರಾಸರಿ 8.25 ಮತ್ತು 10.5. ಮೊದಲು ತಳ್ಳಿ ಕೆಡವಿದರೆ ಅಡ್ವಾಂಟೇಜ್ ಸಿಗುತ್ತದೆ, 10.5 ಹೋಗಿ 15.75 ಆಗುತ್ತದೆ. ನನ್ನ ಎರಡು ಪೆಟ್ಟಿನಲ್ಲಿ ಒಂದು ತಳ್ಳುವುದಕ್ಕೆ ಹೋಗುತ್ತದೆ, ಹೋದದ್ದು 10.5. ಉಳಿದ ನನ್ನ ಒಂದು ಪೆಟ್ಟು, ನನ್ನ ಹಾಗೆಯೇ ಹೊಡೆಯುವ ಗೆಳತಿಯ ಎರಡು ಪೆಟ್ಟು, ಮೂರಕ್ಕೂ 5.25 ಏರುತ್ತದೆ. ಬಂದದ್ದು 15.75. ಮೂರರಲ್ಲಿ ಎರಡು ಸಲಕ್ಕಿಂತ ಜಾಸ್ತಿ ತಳ್ಳಲು ಆದರೆ ಲಾಭ.

ಸುರತ್ಕಲ್ ದಾಳ:
ಅಕ್ಕ, ಲೆಕ್ಕ ಚಂದ ಉಂಟು, ಆದರೆ ಇದು ಓರ್ಕಿಗೆ ಸರಿಯಾಗುವುದಿಲ್ಲ. ಆ ದೊಡ್ಡ ಪೆಟ್ಟಿನ ಕನಿಷ್ಠವೇ 16, ಓರ್ಕಿಗೆ ಇರುವುದು 15. ತಾಗಿದರೆ ಸತ್ತ ಹಾಗೆಯೇ. ತಳ್ಳದೆ ಎರಡು ಸಲ ಹೊಡೆದರೆ ಸರಾಸರಿ ಒಂದು ಓರ್ಕ್ ಹೋಗುತ್ತದೆ. ತಳ್ಳಿ ಒಂದು ಸಲ ಹೊಡೆದರೆ ಮುಕ್ಕಾಲು ಓರ್ಕ್. ಅದು ಸತ್ತ ಮೇಲೆ ಗೆಳತಿಯ ಅಡ್ವಾಂಟೇಜ್ ಹೆಣದ ಮೇಲೆ. ಇದೇ ಉಪಾಯ ಓಗರಿಗೆ ಇಟ್ಟುಕೊಳ್ಳಿ, ಅಲ್ಲಿ ಪೆಟ್ಟು ಯಾವುದೂ ದಂಡ ಆಗುವುದಿಲ್ಲ.

ಚೆನ್ನೆಮಣೆ:
ಹೌದು, ಅದು ನನಗೆ ಹೊಳೆದಿರಲಿಲ್ಲ. ನಾನು ಡ್ಯಾಮೇಜ್ ಎಣಿಸುತ್ತಿದ್ದೆ, ಎಣಿಸಬೇಕಾದ್ದು ತಲೆ. ಓಗರಿನ ಎಸಿ 11, ಹಾಗಾಗಿ ಅಂಕಿ ಬದಲಾಗುತ್ತದೆ. ಇನ್ನೊಮ್ಮೆ ಹಾಕಿ ನೋಡುತ್ತೇನೆ.

ಕದ್ರಿ ಗುಡ್ಡೆ:
ಹಾಗಾದರೆ ಕೊಲ್ಲದೆಯೂ ಏಟು ಕಡಿಮೆ ಮಾಡುವ ದಾರಿ ಉಂಟು. ಬಾಗಿಲಲ್ಲಿ ನಿಲ್ಲುವುದು. ನಮ್ಮ ಒಬ್ಬ ಅಲ್ಲಿ ನಿಂತರೆ ಒಂದೇ ಓರ್ಕಿಗೆ ಜಾಗ. ಒಂದೊಂದನ್ನೇ ಕೊಂದರೆ 6 ಏಟು ಇದ್ದದ್ದು 3ಕ್ಕೆ ಇಳಿಯುತ್ತದೆ. 28.5ರ ಬದಲು 14.25.

ಉಡುಪಿ ಭಾಗವತ:
ಹಿಂದೆ ನಿಂತ ಓರ್ಕ್‌ಗಳು ಜಾವೆಲಿನ್ ಎಸೆಯುತ್ತವೆ. ಅದರ ಸರಾಸರಿ 6.5. ಮುಂದಿನ ಓರ್ಕ್ ಅಡ್ಡ ಇರುವುದರಿಂದ ನಿಮ್ಮ ಎಸಿ 18, 100ರಲ್ಲಿ 40 ತಾಗುತ್ತದೆ. ಎಸೆತಕ್ಕೆ 2.6, ಮೂರು ಎಸೆತ, 7.8. ಒಟ್ಟು 22.05. ಬಾಗಿಲು ಒಳ್ಳೆಯದೇ, ಆದರೆ ಅರ್ಧ ಅಲ್ಲ. ನಿಮ್ಮ ಹಿಂದಿನ ಮೂವರೂ ಬಾಣವನ್ನೇ ಬಿಡಬೇಕು. ಅವರಿಗೂ ಮುಂದಿನವನು ಅಡ್ಡ, ಅದೇ 2ರ ನಷ್ಟ. ರೌಂಡಿಗೆ 15 ಅಂತ ಹೇಳಿದಿರಲ್ಲ, ಅದು ಬಾಗಿಲಲ್ಲಿ ಎಷ್ಟಾಗುತ್ತದೆ ಅಂತ ಹಾಕಿ ತನ್ನಿ.