68 ಒಂಬತ್ಲ ಎಷ್ಟು?

"ರೇಡಿಯೋಗೆ ಗೂರಲು ಬಂದಿದೆ ಕಣೋ ಶೀನ, ವಾರ್ತೆ ಕೇಳೋಕೇ ಆಗ್ತಿಲ್ಲ."

"ಕಾಯಿಲೆ ರೇಡಿಯೋಗಲ್ಲ ರಾಜ, ತಲೆ ಮೇಲಿರೋ ಎಲ್‌ಇಡಿ ಬಲ್ಬಿಗೆ. ಆರಿಸು."

ಆರಿಸಿದ. 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿಯ ಗಂಟಲು ತಟ್ಟನೆ ತಿಳಿಯಾಯಿತು.

"ಬಲ್ಬಿಗೂ ರೇಡಿಯೋಗೂ ಏನಯ್ಯ ನಂಟು?"

ಮುಕುಂದ ಕಾಫಿ ಲೋಟ ಕೆಳಗಿಟ್ಟ. "ಬಲ್ಬಿನ ಹೊಟ್ಟೆಯೊಳಗೆ ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡೋ ಡ್ರೈವರ್ ಅಂತ ಸರ್ಕ್ಯೂಟ್ ಇರುತ್ತೆ. ಅದು ಕರೆಂಟನ್ನ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತೆ. 68 ಸಾವಿರ ಅಂತಿಟ್ಟುಕೋ. ಅದರ ಎರಡರಷ್ಟು, ಮೂರರಷ್ಟು ಹೀಗೆ ಮೇಲೆ ಮೇಲೆ ಗದ್ದಲ ಏಳುತ್ತೆ. 68 ಒಂಬತ್ಲ ಎಷ್ಟು?"

"ಆರ್ನೂರ... ಹನ್ನೆರಡು! ಅಯ್ಯಯ್ಯೋ."

"ಒಳ್ಳೇ ಬಲ್ಬಲ್ಲಿ ಇದನ್ನ ತಡೆಯೋಕೆ ಫಿಲ್ಟರ್ ಇರುತ್ತೆ. ಅಗ್ಗದ್ದರಲ್ಲಿ ಮೊದಲು ಕೈಬಿಡೋದೇ ಅದು. ಆಮೇಲೆ ಗೋಡೆಯೊಳಗಿನ ವೈರೆಲ್ಲ ಏರಿಯಲ್ಲೇ."

"ಹಾಗಾದ್ರೆ ಬಲ್ಬೆಲ್ಲ ಬಿಸಾಕಲಾ?"

"ಮೊದಲು ಕಳ್ಳ ಯಾರು ನೋಡು. ರೇಡಿಯೋಗೆ ಸೆಲ್ ಹಾಕಿ, ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನ ಒಂದೊಂದಾಗಿ ಇಳಿಸು. ಅದಕ್ಕೂ ಮುಂಚೆ ಇನ್ವರ್ಟರ್ ಆಫ್ ಮಾಡು. ಇಲ್ಲದಿದ್ರೆ ಮೇನ್ ಇಳಿಸಿದ ಕೂಡಲೇ ಅದೇ ಎದ್ದು ಕಿರುಚುತ್ತೆ."

"ಎಲ್ಲ ಇಳಿಸಿದ ಮೇಲೂ ಸದ್ದಿದ್ರೆ?"

"ಪಕ್ಕದ ಮನೆ. ಸಕ್ಕರೆ ಕೇಳೋ ನೆಪದಲ್ಲಿ ಹೋಗು."

"ಅಡಾಪ್ಟರ್ ವೈರಿಗೆ ಗದ್ದಲ ತಡೆಯೋ ಫೆರೈಟ್ ಕ್ಲಿಪ್ಪು, ಅದೇ ಆ ಕಪ್ಪು ಕಾಂತದಂಥ ಗುಂಡು, ತಾಯತದ ಥರ ಕಟ್ಟಿದೀನಿ, ಏನೂ ಆಗ್ಲಿಲ್ಲ."

"ಒಂದು ಸುತ್ತಿಗೆಲ್ಲ ಮೀಡಿಯಂ ವೇವಿನ ಗದ್ದಲ ಬಗ್ಗಲ್ಲ, ನಿನ್ನ 612 ಇರೋದು ಅಲ್ಲೇ," ಅಂದ ಶೀನ. "ತಡೆ ಏರೋದು ಸುತ್ತಿನ ವರ್ಗದ ಲೆಕ್ಕದಲ್ಲಿ. 3 ಸುತ್ತಿಗೆ ಸುಮಾರು 9 ಪಟ್ಟು, 7ಕ್ಕೆ 49. ದೊಡ್ಡ ಫೆರೈಟ್ ರಿಂಗ್ ತಗೋ, '31 ಮಿಕ್ಸ್' ಅನ್ನೋ ಬಗೆಯದು. ಅಡಾಪ್ಟರಿನ ಬುಡದಲ್ಲೇ, ಎರಡೂ ತಂತಿ ಜೊತೆಗೇ ಸುತ್ತು. ಒಂದನ್ನೇ ಸುತ್ತಿದ್ರೆ ಕರೆಂಟಿನ ಭಾರಕ್ಕೆ ಫೆರೈಟ್ ಕೈಚೆಲ್ಲುತ್ತೆ."

"ಚಟ್ನಿ ರುಬ್ಬೋ ಮಿಕ್ಸಿ ಹಾಕಿದಾಗ್ಲೂ ಗೊರಗೊರ. ಅದಕ್ಕೂ ಇದೇ ಮದ್ದಾ?"

"ಅಲ್ಲಿ ಕಿಡಿ ಹಾರೋದು ಸವೆದ ಕಾರ್ಬನ್ ಬ್ರಷ್ಷಿಂದ. ಬ್ರಷ್ ಬದಲಾಯಿಸು. ಸಾಲದಿದ್ರೆ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೈಮೇಲೆ ಎಕ್ಸ್2, 275 ವೋಲ್ಟ್ ಎಸಿ ಅಂತ ಇರಲೇಬೇಕು, ಮೈನ್ಸಿಗೆ ಹಾಕೋ ಸುರಕ್ಷಿತ ಬಗೆಯ ಗುರುತು ಅದು."

"ಫ್ಯಾನಿನ ಹಳೇದೊಂದು ಬಿದ್ದಿದೆಯಲ್ಲ..."

"ಅದು 2.5 ಮೈಕ್ರೋಫ್ಯಾರಡ್! ಪ್ಲಗ್ ಕಿತ್ತ ಮೇಲೆ ಪಿನ್ ಮುಟ್ಟಿ ನೋಡು, ತಾತ ಕಣ್ಮುಂದೆ ಬರ್ತಾನೆ. ಕಂಡಕಂಡ ಕೆಪಾಸಿಟರ್ ಮೈನ್ಸಿಗೆ ಹಾಕಬೇಡ. ಶಾರ್ಟಾಗಿ ಹೊತ್ತಿಕೊಂಡ್ರೆ ಚಟ್ನಿ ಜೊತೆ ಅಡುಗೆಮನೇನೂ ಹುರಿದುಹೋಗುತ್ತೆ."

"ಹಳೇ ಟ್ಯೂಬ್‌ಲೈಟ್ ಸ್ಟಾರ್ಟರ್ ಬಿಚ್ಚಿ ನೋಡಿದೀರಾ?" ಮುಕುಂದ ನಡುವೆ ಬಾಯಿ ಹಾಕಿದ. "ಗಾಜಿನ ಬುರುಡೆ ಪಕ್ಕ ಪುಟಾಣಿ ಕೆಪಾಸಿಟರ್ ಇರುತ್ತೆ. ರೇಡಿಯೋಗೆ ತೊಂದರೆ ಆಗದಿರಲಿ ಅಂತಲೇ ಇಟ್ಟದ್ದು. ಎಷ್ಟು ಮರ್ಯಾದಸ್ಥ ಸಾಮಾನು!"

"ದುಡ್ಡು ಬಿಚ್ಚದೆ ಏನೂ ಇಲ್ವಾ?"

"ರೇಡಿಯೋ ತಿರುಗಿಸು. ಒಳಗೆ ಫೆರೈಟ್ ಕಡ್ಡಿ ಉದ್ದಕ್ಕೆ ಮಲಗಿರುತ್ತೆ. ಅದರ ತುದಿ ಯಾವ ಕಡೆಗಿದೆಯೋ ಆ ಕಡೆಗೆ ಕಿವುಡು."

ರಾಜ ಬಲ್ಬು ಹಾಕಿ, ರೇಡಿಯೋನ ಮೆಲ್ಲಗೆ ತಿರುಗಿಸಿದ. ಗೊರಗೊರ ಕುಗ್ಗಿತು, ಕುಗ್ಗಿತು, ಅಡಗಿತು. "ಆಕಾಶವಾಣೀನೂ ಹೋಯ್ತಲ್ಲೋ!"

"ಎರಡೂ ಒಂದೇ ದಿಕ್ಕಲ್ಲಿವೆ. ಬಲ್ಬಿಂದ ಎರಡು ಮೀಟರ್ ಆಚೆ ಒಯ್ದು ಕೇಳು."

"ಆಚೆ ಇರೋದು ಬಚ್ಚಲುಮನೆ."

"ಅಲ್ಲಿ ಯಾವ ಬಲ್ಬು?"

"ಇದರ ಜೋಡೀನೇ. ಒಂದು ಕೊಂಡ್ರೆ ಒಂದು ಫ್ರೀ ಇತ್ತು."